ಲ್ಯಾಪ್‌ಟಾಪ್ ಫ್ಯಾನು ಕೆಟ್ಟಿದೆಯೋ, ಕಟ್ಟಿದೆಯೋ?

ದಾವಣಗೆರೆಯಲ್ಲಿ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ನನ್ನ ರಿಪೇರಿ ಮೇಜಿಗೆ ಬರುವ ಲ್ಯಾಪ್‌ಟಾಪ್‌ಗಳದ್ದು ಹೆಚ್ಚುಕಮ್ಮಿ ಒಂದೇ ದೂರು. "ಅಣ್ಣಾ, ಹತ್ತು ನಿಮಿಷ ಚೆನ್ನಾಗೇ ಓಡ್ತೈತಿ, ಆಮೇಲೆ ತಾನೇ ಬಂದ್ ಆಗ್ತೈತಿ. ಫ್ಯಾನ್ ಹೋಗೈತಿ ಕಾಣ್ತೈತಿ, ಬೇರೆ ಹಾಕಿಬಿಡ್ರಿ." ತಂದವರೇ ಕಾಯಿಲೆಯನ್ನೂ ಹೇಳಿ ಮದ್ದನ್ನೂ ಹೇಳುತ್ತಾರೆ. ಆದರೆ ಫ್ಯಾನು ಕೆಡುವುದು ಬೇರೆ, ಧೂಳು ತುಂಬಿ ಕಟ್ಟುವುದು ಬೇರೆ. ಕೆಟ್ಟ ಫ್ಯಾನನ್ನು ಬದಲಿಸಬೇಕು, ಕಟ್ಟಿದ ಫ್ಯಾನನ್ನು ಬಿಡಿಸಬೇಕು. ಯಾವುದೆಂದು ಗೊತ್ತಾಗದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಹಣ ಖರ್ಚಾಗುತ್ತದೆ, ಬಿಸಿ ಮಾತ್ರ ಹಾಗೇ ಉಳಿಯುತ್ತದೆ.

ಹೋದ ಬೇಸಿಗೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿರುವ ಮನೆಯೊಂದರ ಹುಡುಗಿ ತನ್ನ ಲ್ಯಾಪ್‌ಟಾಪ್ ತಂದಿದ್ದಳು. ಇಂಜಿನಿಯರಿಂಗ್ ಕೊನೆಯ ವರ್ಷ, ಪ್ರಾಜೆಕ್ಟ್ ಒಪ್ಪಿಸುವ ಹೊತ್ತು. ಅದಕ್ಕೂ ಮುಂಚೆ ತೋರಿಸಿದ್ದ ಕಡೆ "ಬೋರ್ಡೇ ಹೋಗಿದೆ" ಅಂದಿದ್ದರಂತೆ. ಆ ಲ್ಯಾಪ್‌ಟಾಪ್ ನನ್ನ ಮೇಜಿಗೆ ಎರಡು ಸಲ ಬಂತು. ಎರಡನೆಯ ಸಲ ಬಂದದ್ದು ನನ್ನ ತಪ್ಪಿನಿಂದ. ಆ ತಪ್ಪು ಇನ್ನೊಬ್ಬರಿಂದ ಆಗಬಾರದು ಅಂತಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಿವಿಗೊಡಿ

ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಕೋಣೆಯ ಸೀಲಿಂಗ್ ಫ್ಯಾನು, ಟಿವಿ ಎಲ್ಲ ಆಫ್ ಮಾಡಿ. ಗಟ್ಟಿಯಾದ ಮೇಜಿನ ಮೇಲಿಟ್ಟು ಆನ್ ಮಾಡಿ, ಗಾಳಿ ಹೊರಬರುವ ಕಿಂಡಿಯ ಹತ್ತಿರ ಕಿವಿ ಇಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆನ್ ಆದ ಕೂಡಲೇ ಫ್ಯಾನು ಒಂದೆರಡು ಸೆಕೆಂಡು ಜೋರಾಗಿ ತಿರುಗಿ ಆಮೇಲೆ ತಗ್ಗುತ್ತದೆ. ಕೆಲವು ಮಾದರಿಗಳಲ್ಲಿ ಬಿಸಿ ಏರುವವರೆಗೂ ಫ್ಯಾನು ತಿರುಗುವುದೇ ಇಲ್ಲ. ಅದು ದೋಷವಲ್ಲ, ಅದರ ವಿನ್ಯಾಸವೇ ಹಾಗೆ. ಸದ್ದಿಲ್ಲ ಅಂದ ಮಾತ್ರಕ್ಕೆ ಫ್ಯಾನು ಸತ್ತಿದೆ ಅನ್ನಬೇಡಿ.

ಸದ್ದು ಬಂದರೆ ಎಂಥ ಸದ್ದು ಅನ್ನುವುದು ಮುಖ್ಯ. ಒಣ ಗಾಣದ ಹಾಗೆ ಕರಕರ ಅನ್ನುತ್ತಿದ್ದರೆ ಬೇರಿಂಗ್ ಸವೆದಿದೆ, ಒಳಗಿನ ಎಣ್ಣೆ ಒಣಗಿದೆ. ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುತ್ತಿದ್ದರೆ ರೆಕ್ಕೆಗೆ ಏನೋ ತಾಗುತ್ತಿದೆ. ಜಾಗ ತಪ್ಪಿದ ವೈರಿರಬಹುದು, ಕೂದಲೆಳೆಯಿರಬಹುದು, ಒಂದು ರೆಕ್ಕೆಯೇ ಮುರಿದಿರಬಹುದು. ಲ್ಯಾಪ್‌ಟಾಪನ್ನು ಸ್ವಲ್ಪ ವಾಲಿಸಿದರೆ ಸದ್ದು ಬದಲಾದರೆ ಅದೂ ಬೇರಿಂಗ್‌ನದೇ ಸುಳಿವು. ಇನ್ನು ಫ್ಯಾನು ಹೂಂ ಅಂತ ಪೂರ್ತಿ ವೇಗದಲ್ಲಿ ಕೂಗುತ್ತಿದೆ, ಕಿಂಡಿಯ ಮುಂದೆ ಕೈ ಹಿಡಿದರೆ ಗಾಳಿಯೇ ಇಲ್ಲ ಅಂದರೆ ಫ್ಯಾನು ಕೆಟ್ಟಿಲ್ಲ, ದಾರಿ ಕಟ್ಟಿದೆ. ಇದನ್ನು ನೋಡಲು ನಾನು ಟಿಶ್ಯೂ ಪೇಪರಿನ ಸಣ್ಣ ಪಟ್ಟಿಯನ್ನು ಕಿಂಡಿಯ ಮುಂದೆ ಹಿಡಿಯುತ್ತೇನೆ. ಕೈಗೆ ತಿಳಿಯದ ಗಾಳಿಯೂ ಪಟ್ಟಿಗೆ ತಿಳಿಯುತ್ತದೆ.

ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಫ್ಯಾನು ಕೂಗುತ್ತಿತ್ತು, ಪಟ್ಟಿ ಅಲುಗಲಿಲ್ಲ.

ಬಿಸಿ ಹೋಗುವ ದಾರಿ

ಈ ದಾರಿ ಗೊತ್ತಿದ್ದರೆ ಅರ್ಧ ದೋಷ ತಾನಾಗಿ ಸಿಗುತ್ತದೆ. ಪ್ರೊಸೆಸರಿನ ಬಿಸಿ ತೆಳುವಾದ ಪೇಸ್ಟಿನ ಮೂಲಕ ತಾಮ್ರದ ಬಿಲ್ಲೆಗೆ, ಅಲ್ಲಿಂದ ಚಪ್ಪಟೆಯಾದ ತಾಮ್ರದ ಕೊಳವೆಗೆ ಹೋಗುತ್ತದೆ. ಆ ಕೊಳವೆ ಗಟ್ಟಿ ತಾಮ್ರದ್ದಲ್ಲ. ಒಳಗಿನ ಗಾಳಿ ತೆಗೆದು ಸ್ವಲ್ಪವೇ ಸ್ವಲ್ಪ ದ್ರವ, ಸಾಮಾನ್ಯವಾಗಿ ನೀರು, ತುಂಬಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು ಕಡಿಮೆ ಬಿಸಿಗೇ ಆವಿಯಾಗಿ ತಣ್ಣಗಿನ ತುದಿಗೆ ಓಡುತ್ತದೆ, ಅಲ್ಲಿ ಹನಿಯಾಗಿ ಒಳಗೋಡೆಯ ಬತ್ತಿಯಂಥ ಪದರದಲ್ಲಿ ಹಿಂದಕ್ಕೆ ಹರಿದು ಬರುತ್ತದೆ. ತಣ್ಣಗಿನ ತುದಿಗೆ ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ತೆಳು ತಗಡುಗಳನ್ನು ಜೋಡಿಸಿರುತ್ತಾರೆ. ಅಂಗಡಿಗಳಲ್ಲಿ ಇದಕ್ಕೆ ಫಿನ್ಸ್ ಅನ್ನುತ್ತಾರೆ. ಫ್ಯಾನು ಕೆಳಗಿನಿಂದ ಗಾಳಿ ಎಳೆದುಕೊಂಡು ಪಕ್ಕಕ್ಕೆ ತಿರುಗಿಸಿ ಈ ಫಿನ್ಸ್ ನಡುವೆ ನುಗ್ಗಿಸುತ್ತದೆ.

ಹಾಗಾಗಿ ಬಿಸಿಗೆ ಎಡವಲು ನಾಲ್ಕು ಜಾಗಗಳಿವೆ: ಒಣಗಿದ ಪೇಸ್ಟು, ಜಜ್ಜಿಹೋದ ಕೊಳವೆ, ಕಟ್ಟಿದ ಫಿನ್ಸ್, ಕೆಟ್ಟ ಫ್ಯಾನು. ನಮ್ಮೂರಿನಲ್ಲಿ ಐದನೆಯದನ್ನೂ ಸೇರಿಸಬೇಕು, ಅದು ಕೋಣೆಯ ಗಾಳಿ. ಫ್ಯಾನು ಎಷ್ಟೇ ಚೆನ್ನಾಗಿದ್ದರೂ ಅದು ಎಳೆಯುವುದು ಕೋಣೆಯ ಗಾಳಿಯನ್ನೇ. ತಗಡಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದರೆ ಲ್ಯಾಪ್‌ಟಾಪು ಅದಕ್ಕಿಂತ ತಣ್ಣಗೆ ಹೇಗಿದ್ದೀತು? ಡಿಸೆಂಬರಿನಲ್ಲಿ ಸುಮ್ಮನಿದ್ದ ದೋಷ ಯುಗಾದಿ ಹೊತ್ತಿಗೆ ಬಾಯಿ ಬಿಡುವುದು ಇದಕ್ಕೇ. ಅನುಮಾನವಿದ್ದರೆ ಒಮ್ಮೆ ಬೆಳಗಿನ ಆರು ಗಂಟೆಗೆ ಓಡಿಸಿ ನೋಡಿ.

ಬಿಚ್ಚದೆ ಮಾಡುವ ಪರೀಕ್ಷೆ

ಹಲವು ಕಂಪನಿಗಳು ಪರೀಕ್ಷೆಯನ್ನು ಯಂತ್ರದಲ್ಲೇ ಇಟ್ಟಿವೆ. ಎಚ್‌ಪಿ ಲ್ಯಾಪ್‌ಟಾಪಿನಲ್ಲಿ ಆನ್ ಮಾಡುವಾಗ ಎಫ್2 ಒತ್ತುತ್ತಿದ್ದರೆ, ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿದರೆ ಯಂತ್ರ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಎಚ್‌ಪಿಯಲ್ಲಿ 90ಬಿ ಎಂದು ಬಂದರೆ, ಡೆಲ್‌ನಲ್ಲಿ 2000-0511 ಎಂದು ಬಂದರೆ ಫ್ಯಾನು ಸರಿಯಾಗಿ ಸ್ಪಂದಿಸುತ್ತಿಲ್ಲ ಎಂದು ಅರ್ಥ. ಥಿಂಕ್‌ಪ್ಯಾಡ್‌ಗಳು ಆನ್ ಆಗುವಾಗಲೇ 'ಫ್ಯಾನ್ ಎರರ್' ಎಂದು ತೋರಿಸಿ ನಿಂತುಬಿಡುತ್ತವೆ. ಆದರೆ ಈ ಸಂಖ್ಯೆಗಳು ಫ್ಯಾನು ತಿರುಗುತ್ತಿಲ್ಲ ಎಂದಷ್ಟೇ ಹೇಳುತ್ತವೆ, ಯಾಕೆ ತಿರುಗುತ್ತಿಲ್ಲ ಎಂದು ಹೇಳುವುದಿಲ್ಲ. ರೆಕ್ಕೆಗೆ ದಾರ ಸುತ್ತಿಕೊಂಡು ನಿಂತಿದ್ದರೂ ಅದೇ ಸಂಖ್ಯೆ ಬರುತ್ತದೆ.

ವಿಂಡೋಸ್‌ನಲ್ಲಿ ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಯಾವುದೋ ಪ್ರೋಗ್ರಾಂ ಹಿಂದೆ ಕೂತು ಪ್ರೊಸೆಸರನ್ನು 100 ಶೇಕಡಾ ತಿನ್ನುತ್ತಿದ್ದರೆ ಫ್ಯಾನು ಕೂಗುವುದು ನ್ಯಾಯವೇ, ಅದು ತನ್ನ ಕೆಲಸ ಮಾಡುತ್ತಿದೆ. ಅದಿಲ್ಲವಾದರೆ ಎಚ್‌ಡಬ್ಲ್ಯೂಇನ್ಫೋ ಥರದ ತಂತ್ರಾಂಶ ಹಾಕಿ ಪ್ರೊಸೆಸರಿನ ಉಷ್ಣತೆಯನ್ನೂ ಫ್ಯಾನಿನ ಸುತ್ತನ್ನೂ ನೋಡಿ. ಸುತ್ತಿನ ಲೆಕ್ಕ ಎಲ್ಲ ಮಾದರಿಗಳಲ್ಲೂ ಸಿಗುವುದಿಲ್ಲ, ಉಷ್ಣತೆ ಸಿಕ್ಕೇ ಸಿಗುತ್ತದೆ. ಲಿನಕ್ಸ್‌ನಲ್ಲಾದರೆ ಸೆನ್ಸರ್ಸ್ ಆಜ್ಞೆ ಸಾಕು.

ಓದುವುದು ಹೀಗೆ. ಉಷ್ಣತೆ 90 ದಾಟಿದೆ, ಸುತ್ತು ಸೊನ್ನೆ: ಫ್ಯಾನು ಸತ್ತಿದೆ, ಇಲ್ಲವೇ ಅದಕ್ಕೆ ಕರೆಂಟು ಹೋಗುತ್ತಿಲ್ಲ. ಉಷ್ಣತೆ 90 ದಾಟಿದೆ, ಸುತ್ತು ನಿಮಿಷಕ್ಕೆ ನಾಲ್ಕೂವರೆ ಸಾವಿರ: ಫ್ಯಾನು ದುಡಿಯುತ್ತಿದೆ, ಗಾಳಿಯ ದಾರಿಯೋ ಪೇಸ್ಟೋ ಕೈಕೊಟ್ಟಿದೆ. ಸುತ್ತು ಏರಿಳಿಯುತ್ತಾ ಮಧ್ಯೆ ಮಧ್ಯೆ ಕುಸಿಯುತ್ತಿದೆ: ಬೇರಿಂಗ್ ಹಿಡಿಯುತ್ತಿದೆ. ಇನ್ನೂ ಒಂದು ಸೂಕ್ಷ್ಮ ಗುರುತಿದೆ. ಭಾರದ ಕೆಲಸ ಕೊಟ್ಟ ಎರಡು ಮೂರು ಸೆಕೆಂಡಿನಲ್ಲೇ ಉಷ್ಣತೆ 95ಕ್ಕೆ ಜಿಗಿದರೆ ಬಿಸಿ ಪ್ರೊಸೆಸರಿನಿಂದ ಮೇಲಕ್ಕೇ ಏಳುತ್ತಿಲ್ಲ, ಪೇಸ್ಟು ಅಥವಾ ಬಿಲ್ಲೆಯ ಸ್ಕ್ರೂ ನೋಡಬೇಕು. ಐದಾರು ನಿಮಿಷದಲ್ಲಿ ನಿಧಾನಕ್ಕೆ ಏರಿ ಅಲ್ಲಿಗೆ ಮುಟ್ಟಿದರೆ ಬಿಸಿ ಫಿನ್ಸ್‌ವರೆಗೆ ಬಂದು ಅಲ್ಲಿ ಸಿಕ್ಕಿಕೊಂಡಿದೆ. ನನ್ನ ಅನುಭವದಲ್ಲಿ ಈ ಏರುವ ವೇಗಕ್ಕಿಂತ ನಂಬಿಕೆಯ ಸಾಕ್ಷಿ ಬೇರೊಂದಿಲ್ಲ.

ಪ್ರೊಸೆಸರುಗಳು ಸಾಮಾನ್ಯವಾಗಿ 95ರಿಂದ 105 ಡಿಗ್ರಿಯ ಒಳಗೆ ತಮ್ಮ ಮಿತಿ ಇಟ್ಟುಕೊಂಡಿರುತ್ತವೆ. ಮಿತಿ ಮುಟ್ಟಿದರೆ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ, ಅದರಿಂದಲೂ ಆಗದಿದ್ದರೆ ಯಂತ್ರ ತಾನೇ ಆಫ್ ಆಗುತ್ತದೆ. "ಬಂದ್ ಆಗ್ತೈತಿ" ಅನ್ನುವ ದೂರಿಗೆ ಮುಂಚೆ ವಾರಗಟ್ಟಲೆ "ಸ್ಲೋ ಆಗೈತಿ" ಅನ್ನುವ ದೂರು ಇದ್ದೇ ಇರುತ್ತದೆ, ಕೇಳಿ ನೋಡಿ. ಹುಡುಗಿಗೂ ಕೇಳಿದೆ. ಯುಗಾದಿಗಿಂತ ಮುಂಚಿನಿಂದಲೂ ನಿಧಾನ ಅಂದಳು.

ಮೇಜು ಸಿದ್ಧಮಾಡಿಕೊಳ್ಳುವುದು

ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ, ಸರ್ವಿಸ್ ಸೆಂಟರಿಗೆ ಕೊಡಿ. ಇಲ್ಲವಾದರೆ ಮುಂದೆ ಹೋಗೋಣ. ಬ್ಯಾಟರಿ ಚಾರ್ಜು ಕಾಲು ಭಾಗಕ್ಕಿಂತ ಕೆಳಗಿಳಿಯುವವರೆಗೆ ಓಡಿಸಿ ಆಮೇಲೆ ಆಫ್ ಮಾಡಿ. ಅಡಿಭಾಗ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಮನೆಯಲ್ಲಿ ಮೀಟಲು ಹೋಗಬೇಡಿ, ಚುಚ್ಚಿದರೆ ಬೆಂಕಿ ಹಿಡಿಯುತ್ತದೆ.

ಪ್ಲಸ್ ಆಕಾರದ ಸಣ್ಣ ಸ್ಕ್ರೂಡ್ರೈವರ್, ಸೊನ್ನೆ ಮತ್ತು ಎರಡು ಸೊನ್ನೆ ಅಳತೆಯವು ಬೇಕು. ಕೆಲವಕ್ಕೆ ನಕ್ಷತ್ರದ ತಲೆಯ ಟಿ5 ಬೇಕಾಗುತ್ತದೆ. ಅಳತೆ ತಪ್ಪಿದ ಡ್ರೈವರ್ ಒತ್ತಿ ಸ್ಕ್ರೂ ತಲೆ ಸವೆಸಿಕೊಂಡು ಬರುವವರನ್ನು ನೋಡಿದಾಗ ಬೇಸರವಾಗುತ್ತದೆ, ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಗಿಬಿಡುತ್ತದೆ. ಕವಚ ಮೀಟಲು ಚಾಕು ಬೇಡ, ಅವಧಿ ಮುಗಿದ ಎಟಿಎಂ ಕಾರ್ಡು ಸಾಕು. ಚಿಮುಟ, ಮೆತ್ತನೆಯ ಪೇಂಟಿಂಗ್ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಹೊಸ ಥರ್ಮಲ್ ಪೇಸ್ಟು ಇಟ್ಟುಕೊಳ್ಳಿ. ನೈಲಾನ್ ಬಟ್ಟೆ ಬೇಡ, ಹತ್ತಿಯದು ಹಾಕಿ. ಒಣಹವೆಯಲ್ಲಿ ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ತು ಚಿಪ್ಪನ್ನು ಸುಡಬಲ್ಲದು. ಆಗಾಗ ಬಣ್ಣವಿಲ್ಲದ ಲೋಹ ಮುಟ್ಟುತ್ತಿರಿ, ಕಿಟಕಿಯ ಸರಳಾದರೂ ಆದೀತು.

ಸ್ಕ್ರೂಗಳಿಗೆ ಒಂದು ಥರ್ಮೊಕೋಲ್ ತುಂಡು. ಅದರ ಮೇಲೆ ಲ್ಯಾಪ್‌ಟಾಪಿನ ಅಡಿಯ ಚಿತ್ರ ಗೀಚಿ, ತೆಗೆದ ಒಂದೊಂದು ಸ್ಕ್ರೂವನ್ನೂ ಅದರ ಜಾಗದಲ್ಲೇ ಚುಚ್ಚಿ ನಿಲ್ಲಿಸಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಮೇಲಿನ ಕವಚ ಉಬ್ಬುತ್ತದೆ, ಕೆಲವೊಮ್ಮೆ ಬೋರ್ಡಿಗೇ ತಾಗುತ್ತದೆ. ಇದು ಅತಿಯಾಯಿತು ಅನ್ನಿಸಬಹುದು. ಹನ್ನೆರಡು ಸ್ಕ್ರೂ ಬಟ್ಟಲಲ್ಲಿ ಕಲೆತುಹೋದ ಮೇಲೆ ಯಾರಿಗೂ ಹಾಗನ್ನಿಸುವುದಿಲ್ಲ.

ಬಿಚ್ಚುವುದು

ಚಾರ್ಜರ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ತೆಗೆಯಿರಿ. ನಿಮ್ಮ ಮಾದರಿಯ ಸಂಖ್ಯೆ ಹಾಕಿ ಕಂಪನಿಯ ಸರ್ವಿಸ್ ಕೈಪಿಡಿ ಹುಡುಕಿ, ಬಹಳಷ್ಟು ಮಾದರಿಗಳದ್ದು ಸಿಗುತ್ತದೆ. ಸ್ಕ್ರೂಗಳು ರಬ್ಬರ್ ಪಾದದ ಕೆಳಗೂ ಅಡಗಿರುತ್ತವೆ, ಸಣ್ಣ ಸ್ಟಿಕರಿನ ಕೆಳಗೂ ಇರುತ್ತವೆ. ಡಿವಿಡಿ ಡ್ರೈವ್ ಇರುವ ಹಳೆಯ ಮಾದರಿಗಳಲ್ಲಿ ಮೊದಲು ಡ್ರೈವ್ ಎಳೆದುಕೊಳ್ಳಬೇಕು, ಅದರ ಗೂಡಿನಲ್ಲೂ ಒಂದೆರಡು ಗಿಡ್ಡ ಸ್ಕ್ರೂ ಇರುತ್ತವೆ. ಎಲ್ಲ ತೆಗೆದಿದ್ದೇನೆ ಅಂದುಕೊಂಡರೂ ಕವಚ ಒಂದು ಮೂಲೆಯಲ್ಲಿ ಏಳದಿದ್ದರೆ ಬಲ ಹಾಕಬೇಡಿ, ಅಲ್ಲೊಂದು ಸ್ಕ್ರೂ ಉಳಿದಿದೆ. ಕಾರ್ಡನ್ನು ಸಂದಿಗೆ ಇಳಿಸಿ ನಿಧಾನಕ್ಕೆ ಸರಿಸುತ್ತಾ ಹೋದರೆ ಪ್ಲಾಸ್ಟಿಕ್ ಕೊಂಡಿಗಳು ಟಕ್ ಟಕ್ ಎಂದು ಒಂದೊಂದಾಗಿ ಬಿಡುತ್ತವೆ.

ಕವಚ ತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಫ್ಯಾನು ಕಣ್ಣ ಮುಂದೆಯೇ ಇದ್ದರೂ ಮೊದಲು ಬ್ಯಾಟರಿ. ಬಿಡಿಸಿದ ಮೇಲೆ ಪವರ್ ಬಟನ್ 15-20 ಸೆಕೆಂಡು ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯಲಿ. ಆಮೇಲೆ ಮೊಬೈಲಿನಲ್ಲಿ ಒಂದು ಫೋಟೊ. ಫ್ಯಾನಿನ ವೈರು ಯಾವ ಕಾಲುವೆಯಲ್ಲಿ, ಯಾವ ಟೇಪಿನ ಕೆಳಗೆ ಹೋಗಿದೆ ಅನ್ನುವುದು ಫೋಟೊದಲ್ಲಿ ಸ್ಪಷ್ಟವಾಗಿರಬೇಕು.

ಫ್ಯಾನಿನ ಕನೆಕ್ಟರ್ ಅಕ್ಕಿಕಾಳಿಗಿಂತ ತುಸು ದೊಡ್ಡದು. ವೈರು ಹಿಡಿದು ಎಳೆದರೆ ವೈರು ಕೈಗೆ ಬರುತ್ತದೆ, ಇಲ್ಲವೇ ಬೋರ್ಡಿನಿಂದ ಗೂಡೇ ಕಿತ್ತು ಬರುತ್ತದೆ. ಗೂಡು ಕಿತ್ತರೆ ಆ ದಿನದ ರಿಪೇರಿ ಫ್ಯಾನಿನದಲ್ಲ, ಬೋರ್ಡಿನದು. ಕೆಲವು ಮೇಲಕ್ಕೆ ಏಳುತ್ತವೆ, ಕೆಲವು ಬೋರ್ಡಿಗೆ ಸಮವಾಗಿ ಹಿಂದಕ್ಕೆ ಜಾರುತ್ತವೆ. ಟಾರ್ಚು ಹಾಕಿ ಯಾವುದೆಂದು ನೋಡಿಕೊಂಡು, ಎರಡೂ ಕಿವಿಗಳನ್ನು ಉಗುರಿನಿಂದ ಒಂದಿಷ್ಟಿಷ್ಟೇ ತಳ್ಳಿ.

ಮುಂದಿನದು ಮಾದರಿಯ ಮೇಲೆ ಹೋಗುತ್ತದೆ. ಫ್ಯಾನು ಬೇರೆಯೇ ಇದ್ದರೆ ಎರಡು ಮೂರು ಸ್ಕ್ರೂ ತೆಗೆದು, ಫಿನ್ಸ್ ಮೇಲಿನ ಕಪ್ಪು ಟೇಪು ಸುಲಿದರೆ ಎದ್ದು ಬರುತ್ತದೆ. ಹೀಟ್ ಸಿಂಕಿಗೆ, ಅಂದರೆ ಬಿಲ್ಲೆ, ಕೊಳವೆ, ಫಿನ್ಸ್ ಸೇರಿದ ಭಾಗಕ್ಕೆ, ಅಂಟಿಕೊಂಡೇ ಇದ್ದರೆ ಎರಡನ್ನೂ ಒಟ್ಟಿಗೆ ಎತ್ತಬೇಕು. ಬಿಲ್ಲೆಯ ಸುತ್ತಲಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಕೊರೆದಿರುತ್ತಾರೆ. ಬಿಚ್ಚುವಾಗ 4ರಿಂದ 1ಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬನ್ನಿ. ಒಂದು ಕಡೆ ಮಾತ್ರ ಪೂರ್ತಿ ಬಿಚ್ಚಿದರೆ ಪ್ರೊಸೆಸರಿನ ಬರಿಯ ಮೈಮೇಲೆ ಓರೆ ಭಾರ ಬೀಳುತ್ತದೆ. ಪೇಸ್ಟು ಒಣಗಿ ಹಿಡಿದಿದ್ದರೆ ಮೇಲಕ್ಕೆ ಕೀಳಬೇಡಿ, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಚಿ ಬಿಡಿಸಿ. ಬೋರ್ಡನ್ನೇ ಮಗುಚಬೇಕಾದ ಮೂರನೆಯ ಜಾತಿಯೂ ಇದೆ. ಮೊದಲ ಸಲ ಮಾಡುವವರು ಅದನ್ನು ಮನೆಯಲ್ಲಿ ಮಾಡದಿರುವುದು ಒಳ್ಳೆಯದು.

ಧೂಳು ಊರು ಹೇಳುತ್ತದೆ

ಫ್ಯಾನು ಎತ್ತಿದಾಗ ಫಿನ್ಸ್ ಕಡೆಯ ಬಾಯಲ್ಲಿ ಏನಿದೆ ನೋಡಿ. ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಬೂದು ಬಣ್ಣದ ಕಂಬಳಿಯ ಪಟ್ಟಿಯಿತ್ತು. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಮುರಿಯದೆ ಪೂರ್ತಿ ಎದ್ದು ಬಂತು. ಬೆಳಕಿಗೆ ಹಿಡಿದರೆ ಅದರ ಮೇಲೆ ಫಿನ್ಸ್ ಹಲ್ಲುಗಳ ಅಚ್ಚು ಸಾಲುಸಾಲಾಗಿ ಮೂಡಿತ್ತು. ಹೆರಳಿನ ಕೂದಲು, ಭತ್ತದ ಹೊಟ್ಟಿನ ಚೂರು, ಬೂದಿ. ಬೆರಳಿನಲ್ಲಿ ಉಜ್ಜಿದರೆ ಕಣಕಣ ಮರಳು. ಮಂಡಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುತ್ತಾರೆ, ಒಲೆಗೆ ಹೊಟ್ಟು ಹಾಕುತ್ತಾರೆ. ಅವೆಲ್ಲ ಹಗಲಿಡೀ ಗಾಳಿಯಲ್ಲಿ ತೇಲುವ ಮನೆಯಲ್ಲಿ ಲ್ಯಾಪ್‌ಟಾಪು ಉಸಿರಾಡುವುದೂ ಅವನ್ನೇ.

ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಈಗ ಬಟ್ಟೆ ಅಂಗಡಿಗಳ, ಹೊಲಿಗೆಯವರ ಲ್ಯಾಪ್‌ಟಾಪಿನಲ್ಲಿ ಹತ್ತಿಯ ಎಳೆ ಹಿಂಜಿದ ಹಾಗೆ ತುಂಬಿರುತ್ತದೆ, ಅದು ಊದಿದರೆ ಹೋಗುತ್ತದೆ. ಅಕ್ಕಿ ಗಿರಣಿಯವರದ್ದು ತೌಡು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಂದ ಬರುವವು ಇನ್ನೊಂದು ಥರ. ಧೂಳಿಗೆ ಎಣ್ಣೆಯ ಪಸೆ ಸೇರಿ ರೆಕ್ಕೆಗೆ ಕಪ್ಪು ಅಂಟಾಗಿ ಕೂತಿರುತ್ತದೆ, ಊದಿದರೆ ಜಗ್ಗುವುದಿಲ್ಲ, ಆಲ್ಕೊಹಾಲಿನಲ್ಲಿ ಬ್ರಷ್ ಅದ್ದಿ ಒಂದೊಂದೇ ರೆಕ್ಕೆ ಒರೆಸಬೇಕು. ದೇವರ ಕೋಣೆಯ ಪಕ್ಕ ಇಟ್ಟು ಓಡಿಸುವ ಮನೆಗಳಲ್ಲೂ ಊದುಬತ್ತಿ, ಕರ್ಪೂರದ ಹೊಗೆಯಿಂದ ಇಂಥದ್ದೇ ಪಸೆ ಕಟ್ಟುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಹಿಡಿಯುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ದಯವಿಟ್ಟು ಬೇಡ. ಆ ಗಾಳಿಯ ಜೊತೆ ನೀರಿನ ಹನಿಯೂ ಎಣ್ಣೆಯೂ ಬರುತ್ತವೆ, ಒತ್ತಡಕ್ಕೆ ಫ್ಯಾನು ತನ್ನ ಮಿತಿ ಮೀರಿ ಗಿರಗಿರ ಸುತ್ತಿ ಬೇರಿಂಗ್ ಹಾಳಾಗುತ್ತದೆ. ವೈರು ಬೋರ್ಡಿಗೆ ತಗುಲಿದ್ದಾಗಲೇ ಹಾಗೆ ಸುತ್ತಿದರೆ ಫ್ಯಾನೇ ಡೈನಮೊ ಆಗಿ ಬೋರ್ಡಿಗೆ ಕರೆಂಟು ಹಿಂತಿರುಗಿಸುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಬ್ಲೋವರ್ ಬಳಸಿದರೂ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಊದಿ.

ಫ್ಯಾನಿನ ಪರೀಕ್ಷೆ, ನಾನು ತಪ್ಪಿದ ಜಾಗ

ಕಂಬಳಿ ತೆಗೆದೆ, ಪೇಸ್ಟು ಬದಲಿಸಿದೆ. ಫ್ಯಾನನ್ನು ಬೆರಳಿನಿಂದ ತಳ್ಳಿದಾಗ ಸದ್ದಿಲ್ಲದೆ ನಾಲ್ಕಾರು ಸುತ್ತು ತಿರುಗಿ ನಿಂತಿತು. ಕೂಡಿಸಿ ಹತ್ತು ನಿಮಿಷ ಓಡಿಸಿದೆ, 70 ದಾಟಲಿಲ್ಲ. ಕಟ್ಟಿತ್ತು, ಬಿಡಿಸಿದೆ ಅಂದುಕೊಂಡು ಕೊಟ್ಟು ಕಳಿಸಿದೆ. ನಾಲ್ಕನೆಯ ದಿನ ಅವಳ ಅಮ್ಮನೇ ಎತ್ತಿಕೊಂಡು ಬಂದರು. "ಮೊದ್ಲು ಸುಮ್ನೆ ಇರ್ತೈತಪ್ಪ, ಅರ್ಧ ತಾಸಾದ ಮ್ಯಾಲೆ ಕರಕರ ಅಂತೈತಿ. ಹುಡುಗಿ ರಾತ್ರಿಯೆಲ್ಲ ಅಳ್ತಾಳ."

ಹತ್ತು ನಿಮಿಷದ ಪರೀಕ್ಷೆ ಸಾಲದು. ಬಹಳಷ್ಟು ಲ್ಯಾಪ್‌ಟಾಪ್ ಫ್ಯಾನುಗಳಲ್ಲಿ ಇರುವುದು ಗುಂಡುಗಳಿಲ್ಲದ, ಸಣ್ಣ ಕೊಳವೆಯಂಥ ಬೇರಿಂಗ್, ಅದರಲ್ಲಿ ಎಣ್ಣೆಯ ತೆಳು ಪದರದ ಮೇಲೆ ಕಡ್ಡಿ ತಿರುಗುತ್ತದೆ. ಸವೆದಿದ್ದರೂ ತಣ್ಣಗಿರುವಾಗ ಉಳಿದಿರುವ ಎಣ್ಣೆ ಮಂದವಾಗಿ ಸಂದು ಮುಚ್ಚಿಕೊಂಡಿರುತ್ತದೆ. ಬಿಸಿಯಾದ ಮೇಲೆ ಎಣ್ಣೆ ತೆಳ್ಳಗಾಗಿ ಸವೆತ ಸದ್ದು ಮಾಡುತ್ತದೆ. ತಿಂಗಳುಗಟ್ಟಲೆ ಕಟ್ಟಿಕೊಂಡ ಬಿಸಿಯಲ್ಲಿ, ಪೂರ್ತಿ ವೇಗದಲ್ಲಿ, ಮರಳಿನ ಪುಡಿಯ ಜೊತೆ ದುಡಿದ ಫ್ಯಾನು ಅದು. ಕಟ್ಟಿದ್ದೇ ಅದನ್ನು ಕೆಡಿಸಿತ್ತು. ಎರಡರಲ್ಲಿ ಒಂದು ಸಿಕ್ಕಿತು ಅಂತ ನಾನು ಎರಡನೆಯದನ್ನು ಹುಡುಕಲಿಲ್ಲ.

ಈಗ ನಾನು ಮಾಡುವುದು ಹೀಗೆ. ಫ್ಯಾನನ್ನು ಹೊರಗೆ ತೆಗೆದು ಲೇಬಲ್ ಓದುತ್ತೇನೆ. ಹೆಚ್ಚಿನವು 5 ವೋಲ್ಟಿನವು, ಗೇಮಿಂಗ್ ಮಾದರಿಗಳಲ್ಲಿ 12 ವೋಲ್ಟಿನವೂ ಬರುತ್ತವೆ. 5 ವೋಲ್ಟಿನದಾದರೆ ಹಳೆಯ ಯುಎಸ್‌ಬಿ ಕೇಬಲ್ ಕತ್ತರಿಸಿ, ಮೊಬೈಲ್ ಚಾರ್ಜರಿನಿಂದ ಕೆಂಪು ವೈರಿಗೆ ಪ್ಲಸ್, ಕಪ್ಪು ವೈರಿಗೆ ಮೈನಸ್ ಕೊಡುತ್ತೇನೆ. ಉಳಿದ ಎರಡು ವೈರುಗಳಲ್ಲಿ ಒಂದು ಸುತ್ತಿನ ಲೆಕ್ಕ ಹೇಳುವುದು, ಇನ್ನೊಂದು ವೇಗ ಹೇಳಿಕೊಡುವುದು, ಅವನ್ನು ಮುಟ್ಟುವುದು ಬೇಡ. ವೈರಿನ ಬಣ್ಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಎಲ್ಲ ವೈರೂ ಕಪ್ಪಾಗಿದ್ದರೆ ಕನೆಕ್ಟರಿನ ಕ್ರಮವನ್ನು ಖಚಿತಪಡಿಸಿಕೊಳ್ಳದೆ ಕರೆಂಟು ಕೊಡಬೇಡಿ, ತಿರುಗಾಮುರುಗಾ ಆದರೆ ಒಳಗಿನ ಚಿಪ್ಪು ಸುಡುತ್ತದೆ. ಲ್ಯಾಪ್‌ಟಾಪಿನದೇ ಯುಎಸ್‌ಬಿ ಕಿಂಡಿಯಿಂದಂತೂ ಕೊಡಲೇಬೇಡಿ.

ಹೀಗೆ ಪೂರ್ತಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬೆಚ್ಚಗಿರುವಾಗಲೇ ರೆಕ್ಕೆಯ ನಡುವಿನ ಗುಬ್ಬಿಯನ್ನು ಹಿಡಿದು ಅಲುಗಿಸಿ. ಮೇಲೆ ಕೆಳಗೆ ಕಾಗದದಷ್ಟು ಆಡಿದರೆ ತೊಂದರೆಯಿಲ್ಲ, ಒಳಗಿನ ಅಯಸ್ಕಾಂತ ಅದನ್ನು ಎಳೆದು ಹಿಡಿದಿರುತ್ತದೆ. ಪಕ್ಕಕ್ಕೆ ಆಡಿದರೆ ಬೇರಿಂಗ್ ಮುಗಿದಿದೆ. ಆ ಫ್ಯಾನು ಪಕ್ಕಕ್ಕೆ ಸ್ಪಷ್ಟವಾಗಿ ಆಡಿತು.

ಎಣ್ಣೆ ಬಿಡಬಹುದೇ?

ಎಲ್ಲರೂ ಕೇಳುತ್ತಾರೆ. ಕೊಬ್ಬರಿ ಎಣ್ಣೆ ಖಂಡಿತ ಬೇಡ, 24 ಡಿಗ್ರಿಯ ಆಸುಪಾಸಿನಲ್ಲಿ ಅದು ಗಟ್ಟಿಯಾಗುತ್ತದೆ. ಸಂಕ್ರಾಂತಿ ಚಳಿಯ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿ ಕೂರುವ ಹಾಗೆ ಬೇರಿಂಗಿನಲ್ಲೂ ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟರೆ ಸದ್ದು ಕೆಲವು ದಿನ ಅಡಗುವುದು ನಿಜ. ಹೊಸ ಫ್ಯಾನು ಬರುವವರೆಗೆ ಕೆಲಸ ನಡೆಸಲು ನಾನೂ ಮಾಡಿದ್ದೇನೆ. ಸವೆದ ಲೋಹವನ್ನು ಎಣ್ಣೆ ತುಂಬಿಕೊಡುವುದಿಲ್ಲ, ಜಿನುಗಿದ ಎಣ್ಣೆಗೆ ಧೂಳು ಇನ್ನಷ್ಟು ಬೇಗ ಹಿಡಿಯುತ್ತದೆ.

ಹೊಸದು ತರಿಸುವಾಗ

ಲ್ಯಾಪ್‌ಟಾಪಿನ ಹೆಸರು ಹೇಳಿ ತರಿಸಬೇಡಿ, ಹಳೆಯ ಫ್ಯಾನಿನ ಲೇಬಲ್ ಮೇಲಿನ ಸಂಖ್ಯೆ ಹೇಳಿ. ಒಂದೇ ಹೆಸರಿನ ಮಾದರಿಯಲ್ಲಿ ಗ್ರಾಫಿಕ್ಸ್ ಚಿಪ್ ಇರುವುದಕ್ಕೆ ಒಂದು ಫ್ಯಾನು, ಇಲ್ಲದ್ದಕ್ಕೆ ಇನ್ನೊಂದು ಇರುತ್ತದೆ. ಎರಡು ಫ್ಯಾನಿರುವವುಗಳಲ್ಲಿ ಎಡದ್ದು ಬಲಕ್ಕೆ ಕೂರುವುದಿಲ್ಲ. ಲೇಬಲ್ಲಿನ ಫೋಟೊ, ಕನೆಕ್ಟರಿನ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಒಂದು ಫೋಟೊ, ಈ ಮೂರನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗೆ ಕಳಿಸಿದರೆ ಸಾಕು. ಬಂದ ಮೇಲೆ ಹಳೆಯದರ ಪಕ್ಕ ಇಟ್ಟು ವೈರಿನ ಉದ್ದ, ಪಿನ್ನುಗಳ ಎಣಿಕೆ, ಸ್ಕ್ರೂ ತೂತು, ರೆಕ್ಕೆ ಬಾಗಿದ ದಿಕ್ಕು ನೋಡಿ. ಹೊರಗೇ ಅರ್ಧ ಗಂಟೆ ಓಡಿಸಿ ನೋಡಿದ ಮೇಲೆ ಒಳಗೆ ಹಾಕಿ.

ಕೂಡಿಸುವುದು

ಹೀಟ್ ಸಿಂಕ್ ಒಮ್ಮೆ ಎತ್ತಿದರೆ ಹಳೆಯ ಪೇಸ್ಟಿನ ಮೇಲೆ ಮತ್ತೆ ಕೂರಿಸುವ ಹಾಗಿಲ್ಲ. ಆಲ್ಕೊಹಾಲಿನಿಂದ ಎರಡೂ ಮುಖ ಕನ್ನಡಿಯ ಹಾಗೆ ಒರೆಸಿ, ಅಕ್ಕಿಕಾಳಿನಷ್ಟು ಪೇಸ್ಟು ನಡುವೆ ಇಡಿ. ಅಕ್ಕಪಕ್ಕದ ಚಿಪ್ಪುಗಳ ಮೇಲೆ ಮೆತ್ತನೆಯ ಪ್ಯಾಡ್ ಇದ್ದರೆ ಹಾಗೇ ಇರಲಿ. ಹರಿದಿದ್ದರೆ ಅಷ್ಟೇ ದಪ್ಪದ ಪ್ಯಾಡೇ ಹಾಕಬೇಕು, ಪೇಸ್ಟು ಆ ಸಂದನ್ನು ತುಂಬುವುದಿಲ್ಲ. ಸ್ಕ್ರೂ 1ರಿಂದ 4ಕ್ಕೆ, ಮೊದಲು ಎಲ್ಲವನ್ನೂ ಸಡಿಲವಾಗಿ, ಆಮೇಲೆ ಬಿಗಿಯಾಗಿ. ಫ್ಯಾನಿನ ವೈರು ಫೋಟೊದಲ್ಲಿದ್ದ ಕಾಲುವೆಯಲ್ಲೇ ಕೂರಬೇಕು. ಫಿನ್ಸ್ ಮೇಲಿನ ಟೇಪನ್ನು ಮರಳಿ ಅಂಟಿಸಲೇಬೇಕು, ಇಲ್ಲವಾದರೆ ಗಾಳಿ ಫಿನ್ಸ್ ಬಿಟ್ಟು ಸಂದಿಯಲ್ಲಿ ಹೊರಟುಹೋಗುತ್ತದೆ. ಬಹಳ ಜನ ಆ ಟೇಪನ್ನು ಕಸ ಅಂದುಕೊಂಡು ಬಿಸಾಡುತ್ತಾರೆ. ಕೊನೆಗೆ ಬ್ಯಾಟರಿಯ ಕನೆಕ್ಟರ್ ಹಾಕಿ, ಕವಚ ಮುಚ್ಚುವ ಮುಂಚೆ ಒಮ್ಮೆ ಆನ್ ಮಾಡಿ ರೆಕ್ಕೆ ತಿರುಗುವುದನ್ನು ಕಣ್ಣಾರೆ ನೋಡಿ.

ಹೊರಗೆ ಚೆನ್ನಾಗಿ ತಿರುಗಿದ ಫ್ಯಾನು ಒಳಗೆ ತಿರುಗದಿದ್ದರೆ ಕನೆಕ್ಟರಿನ ಪಿನ್ನು ಬಗ್ಗಿದೆಯೇ, ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಚಹಾ, ನೀರು ಚೆಲ್ಲಿದ ಯಂತ್ರಗಳಲ್ಲಿ ಇದು ಸಾಮಾನ್ಯ. ಪಿನ್ನು ಸರಿಯಿದ್ದರೆ ಕಂಪನಿಯ ತಾಣದಿಂದ ಬಯಾಸ್, ಅಂದರೆ ಯಂತ್ರ ಆನ್ ಆಗುವಾಗ ಮೊದಲು ಓಡುವ ತಂತ್ರಾಂಶ, ನವೀಕರಿಸಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಬೋರ್ಡಿನಲ್ಲಿ ಫ್ಯಾನಿಗೆ ಕರೆಂಟು ಕೊಡುವ ಭಾಗ ಹೋಗಿದೆ, ಚಿಪ್ ಮಟ್ಟದ ಕೆಲಸ ಬಲ್ಲವರ ಹತ್ತಿರ ಒಯ್ಯಿರಿ.

ಹುಡುಗಿಯ ಲ್ಯಾಪ್‌ಟಾಪಿಗೆ ಹೊಸ ಫ್ಯಾನು ಹಾಕಿ ಈ ಸಲ ಎರಡು ತಾಸು ಓಡಿಸಿದೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಅವಳ ಪ್ರಾಜೆಕ್ಟಿನ ಪ್ರೋಗ್ರಾಮನ್ನೇ ಹಾಕಿ. ಕೋಣೆಯಲ್ಲಿ 37 ಡಿಗ್ರಿ ಇತ್ತು, ಪ್ರೊಸೆಸರು 78ರಲ್ಲಿ ನಿಂತಿತು. ಟಿಶ್ಯೂ ಪಟ್ಟಿ ಕಿಂಡಿಯ ಮುಂದೆ ಪಟಪಟ ಬಡಿಯುತ್ತಿತ್ತು. ಫ್ಯಾನಿನ ಹಣ ಮಾತ್ರ ತೆಗೆದುಕೊಂಡೆ, ಕೈಕೂಲಿ ಮೊದಲ ಸಲವೇ ಆಗಿತ್ತು. ಕವಚದ ಒಳಮುಖಕ್ಕೆ ಟೇಪು ಅಂಟಿಸಿ ಆ ದಿನದ ತಾರೀಖು ಬರೆದೆ. ಭಟ್ಟಿ ಉರಿಯುವ ಹೊತ್ತಿನಲ್ಲಿ ಅದನ್ನು ಮಾಳಿಗೆಯ ಕೋಣೆಯಲ್ಲಿ ಇಟ್ಟುಕೊಳ್ಳಿ, ಮೂರು ತಿಂಗಳಿಗೊಮ್ಮೆ ತನ್ನಿ ಎಂದೆ. ಅಮ್ಮ ಒಂದು ಚೀಲ ಮಂಡಕ್ಕಿ ಇಟ್ಟು ಹೋದರು. ದಸರಾ ಮುಂಚೆ ಬಂದಾಗ ಬಿಚ್ಚಿ ನೋಡಿದೆ. ಕಂಬಳಿ ಮತ್ತೆ ಕಟ್ಟತೊಡಗಿತ್ತು, ಆದರೆ ಫೂ ಎಂದು ಊದಿದರೆ ಹಾರುವಷ್ಟು. ಗುಬ್ಬಿ ಪಕ್ಕಕ್ಕೆ ಆಡಲಿಲ್ಲ.